ಬಣ್ಣ ಹಚ್ಚದ ಸಾಲು

ಹೈದರಾಬಾದಿನ ಅಂಚಿನ ಜೀಡಿಮೆಟ್ಲಾದ ಆ ತಗಡಿನ ಶೆಡ್ಡುಗಳಿಗೆ ಹೋಗಿ ಬರಲು ಶುರುಮಾಡಿದ ಹೊಸದರಲ್ಲಿ ಮೃಣಾಲಿನಿ ತನಗೆ ಕನ್ನಡ ಬರುತ್ತದೆಂದು ಅಲ್ಲಿ ಯಾರಿಗೂ ತಿಳಿಯಗೊಡಲಿಲ್ಲ. ಅಲ್ಲಿದ್ದವರಲ್ಲಿ ಹೆಚ್ಚಿನವರು ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅವಳ ಮನೆತನವೂ ಕಲಬುರ್ಗಿ ಕಡೆಯದೇ. ಮುತ್ತಜ್ಜ ನಿಜಾಮರ ಕಾಲದಲ್ಲಿ ಕಂದಾಯ ಇಲಾಖೆಯ ನೌಕರಿಗೆಂದು ಹೈದರಾಬಾದಿಗೆ ಬಂದವರು, ಆಮೇಲೆ ಯಾರೂ ತಿರುಗಿ ಹೋಗಲಿಲ್ಲ. ಮೆಹದಿಪಟ್ಟಣದ ಮನೆಯಲ್ಲಿ ತಾಯಿ ಸುಂದರಾಬಾಯಿಯ ಜೊತೆ ಈಗಲೂ ಅವಳದು ಕನ್ನಡವೇ. ಆದರೆ ಶೆಡ್ಡುಗಳ ಮುಂದೆ ಕಾರಿನಿಂದ ಇಳಿದ ಕೂಡಲೇ ನಾಲಿಗೆ ಹಿಂದಿಗೆ ಹೊರಳುತ್ತಿತ್ತು. ನಮ್ಮ ಕಡೆಯವಳು ಎಂದು ಗೊತ್ತಾದರೆ ಒಬ್ಬರು ದವಾಖಾನೆಗೆ ಚೀಟಿ ಕೊಡಿಸಿ ಅನ್ನುತ್ತಾರೆ, ಇನ್ನೊಬ್ಬರು ಮಗನಿಗೊಂದು ಕೆಲಸ ಅನ್ನುತ್ತಾರೆ, ಬಂದ ಕೆಲಸ ಹಾದಿ ತಪ್ಪುತ್ತದೆ. ತನಗೆ ತಾನೇ ಅವಳು ಹೇಳಿಕೊಂಡಿದ್ದ ಕಾರಣ ಇದು.

ಬಂದ ಕೆಲಸ ಬಣ್ಣದ್ದು. ಅವಳಿದ್ದ ಸಂಶೋಧನಾ ಸಂಸ್ಥೆಯಲ್ಲಿ ಕೆಲವು ವರ್ಷಗಳಿಂದ ಒಂದು ಬಿಳಿ ಬಣ್ಣ ತಯಾರಾಗುತ್ತಿತ್ತು. ಅದರೊಳಗೆ ಕೂದಲೆಳೆಗಿಂತ ನೂರಾರು ಪಟ್ಟು ಸಣ್ಣವಾದ, ಒಳಗೆ ಟೊಳ್ಳಾದ ನ್ಯಾನೊ ಕಣಗಳನ್ನು ಬೆರೆಸುತ್ತಿದ್ದರು. ಮಾಡಿಗೆ ಬಳಿದರೆ ಆ ಕಣಗಳು ಬಿಸಿಲನ್ನು ಬಂದ ಹಾದಿಯಲ್ಲೇ ಹಿಂದಕ್ಕೆ ಅಟ್ಟುತ್ತವೆ, ತಗಡು ಕಾಯುವುದಿಲ್ಲ. ವರ್ಷದಿಂದ ವರ್ಷಕ್ಕೆ ಏರುತ್ತಿದ್ದ ಬೇಸಗೆಯಲ್ಲಿ ಕರೆಂಟಿಲ್ಲದೆ, ಯಂತ್ರವಿಲ್ಲದೆ ಮನೆಯೊಳಗನ್ನು ತಂಪಾಗಿಡುವ ಉಪಾಯ ಅದು. ಪ್ರಯೋಗಾಲಯದಲ್ಲಿ ಗೆದ್ದಿತ್ತು. ಮನುಷ್ಯರು ಇರುವ ಮನೆಗಳ ಮೇಲೆ ಗೆಲ್ಲುತ್ತದೆಯೇ ಎಂದು ನೋಡಬೇಕಿತ್ತು.

ಅದಕ್ಕಾಗಿ ಔಷಧ ಕಾರ್ಖಾನೆಯ ಕಾಂಪೌಂಡಿನ ಹಿಂದೆ ಎದುರು ಬದುರಾಗಿ ನಿಂತ ಎರಡು ಸಾಲು ಶೆಡ್ಡುಗಳನ್ನು ಆರಿಸಿದ್ದಳು. ಮುಂದಿನ ಸಾಲಿಗೆ ಬಣ್ಣ. ಹಿಂದಿನ ಸಾಲು ಇದ್ದ ಹಾಗೇ. ಪ್ರತಿ ಶೆಡ್ಡಿನೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡದಾದ ಒಂದೊಂದು ಮಾಪಕ ತೂಗುಹಾಕಿಸಿದಳು. ಒಳಗಿನ ಶಾಖ ಎಷ್ಟಿದೆ ಎಂದು ಅದು ಅವಳ ಫೋನಿಗೆ ತಿಳಿಸುತ್ತಿತ್ತು. ಎರಡು ಸಾಲಿಗೂ ಎಷ್ಟು ಫರಕು ಬರುತ್ತದೋ ಅದೇ ಬಣ್ಣದ ಬೆಲೆ. ಯಾವ ಸಾಲಿಗೆ ಹಚ್ಚುವುದು ಎಂದು ನಿರ್ಧರಿಸಿದ್ದು ಅವಳೇ, ಕಾರು ನಿಂತ ಜಾಗಕ್ಕೆ ಯಾವುದು ಹತ್ತಿರವೋ ಅದು.

ಉಳಿದ ಬಣ್ಣದ ಡಬ್ಬಿಗಳನ್ನು ಹಿಂದಿನ ಸಾಲಿನ ತುದಿಯಲ್ಲಿ ಒಂದು ಕಾಲಕ್ಕೆ ಸಿಮೆಂಟು ತುಂಬುತ್ತಿದ್ದ ಕೋಣೆಯಲ್ಲಿ ಇಡಿಸಿದಳು. ಅದರ ಪಕ್ಕದ ಶೆಡ್ಡು ಯಂಕಮ್ಮನದು. ನಲವತ್ತೈದರ ಆಸುಪಾಸಿನ, ಇಟ್ಟಿಗೆ ಹೊತ್ತು ಕತ್ತು ಗಟ್ಟಿಯಾಗಿದ್ದ ಹೆಂಗಸು. ಮಗಳು ಗಂಗಾ, ಸೆಂಟ್ರಿಂಗ್ ಕೆಲಸದ ಅಳಿಯ ಹುಲಗೇಶ, ಮೂವರೂ ಒಂದೇ ಶೆಡ್ಡಿನಲ್ಲಿ. ಕೋಣೆಯ ಕೀಲಿ ಯಂಕಮ್ಮನ ಕೈಗೆ ಕೊಟ್ಟು ಮೃಣಾಲಿನಿ ಹಿಂದಿಯಲ್ಲಿ ಹೇಳಿದಳು, ಯಾರಿಗೂ ಕೊಡಬೇಡ. ಯಂಕಮ್ಮ ಅದನ್ನು ಒಂದು ಕರಿ ದಾರಕ್ಕೆ ಪೋಣಿಸಿ ಕುತ್ತಿಗೆಗೆ ಕಟ್ಟಿಕೊಂಡಳು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮಾಪಕಗಳನ್ನು ನೋಡುತ್ತಾ ಹಿಂದಿನ ಸಾಲಿನಲ್ಲಿ ನಿಂತಿದ್ದಾಗ ತಾಯಿಯ ಫೋನು ಬಂತು. ಯಾರೂ ಇಲ್ಲವೆಂದುಕೊಂಡು ಮೃಣಾಲಿನಿ ಮಾತಾಡಿದಳು. “ಬಿಸಲು ಭಾಳ ಅದ ಅಮ್ಮಾ, ನೀ ಹೊರಗ ಹೋಗಬ್ಯಾಡ. ಕೂಲರಿಗೆ ನೀರು ಹಾಕಿಸಿಕೋ.” ಫೋನು ಇಟ್ಟು ತಿರುಗಿದರೆ ಯಂಕಮ್ಮ ಬಾಗಿಲಲ್ಲಿ ನಿಂತಿದ್ದಾಳೆ.

“ಬಾಯಾರ, ನೀವು ನಮ್ಮ ಕಡಿಯವರೇನ್ರಿ?”

ಮೃಣಾಲಿನಿಯ ಮುಖ ಕೆಂಪೇರಿತು. ಎರಡು ತಿಂಗಳು ತನ್ನೆದುರು ಹಿಂದಿಗೆ ತಡಕಾಡಿದ ಹೆಂಗಸು ಈಗ ಏನನ್ನುತ್ತಾಳೋ ಎಂದುಕೊಂಡಳು. ಯಂಕಮ್ಮನ ಕಣ್ಣಲ್ಲಿ ಇದ್ದದ್ದು ಬರೀ ಸಂತೋಷ. ಒಳಗೆ ಕೂಗಿ ಹೇಳಿದಳು, “ಏ ಗಂಗಾ, ಬಾರವ್ವಾ ಹೊರಗ. ಬಾಯಾರು ನಮ್ಮವರಂತ.” ಗಂಗಾ ಹೊಟ್ಟೆ ಹಿಡಿದುಕೊಂಡು ನಿಧಾನ ಎದ್ದು ಬಂದು ಸ್ಟೀಲಿನ ಲೋಟದಲ್ಲಿ ಮಜ್ಜಿಗೆ ಕೊಟ್ಟಳು. ಆ ಸಂಜೆಯೊಳಗೆ ಎರಡೂ ಸಾಲಿಗೆ ಸುದ್ದಿ ಮುಟ್ಟಿತು. ಆಮೇಲೆ ಒಬ್ಬರೂ ಚೀಟಿ ಕೇಳಲಿಲ್ಲ, ಕೆಲಸ ಕೇಳಲಿಲ್ಲ.

ಯಂಕಮ್ಮ ಮಾತ್ರ ಒಂದು ಕೇಳಿದಳು. ಅದೂ ನಾಲ್ಕಾರು ದಿನ ತಡೆದು.

“ಬಾಯಾರ, ಮುಂದಿನ ಸಾಲಿನಾಗ ಹೋಗಿ ಕುಂತು ಬಂದೆ. ಒಳಗ ತಂಪೈತಿ. ನಮ್ಮದು ಒಲಿ ಆಗೇತಿ. ಗಂಗಾಗ ಏಳು ತುಂಬ್ಯಾವ. ಮಧ್ಯಾಹ್ನ ಆತಂದ್ರ ಆಕಿ ಉಸರಾಡಾಕ ಒದ್ದಾಡ್ತಾಳ. ನಮ್ಮದೊಂದು ಶೆಡ್ಡಿಗೆ ಬಳಿಸ್ರೆಲ್ಲ.”

ಮೃಣಾಲಿನಿ ಅವಳ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತಳು. ಮನೆಯ ಮಾತಿನಲ್ಲೇ, ಮೆತ್ತಗೆ, ತಿಳಿಸಿ ಹೇಳಿದಳು. “ಎರಡೂ ಸಾಲಿಗೆ ಹಚ್ಚಿದ್ರ ಬಣ್ಣದಿಂದ ಎಷ್ಟು ಫರಕಾತು ಅನ್ನೂದು ಹ್ಯಾಂಗ ಗೊತ್ತಾಗಬೇಕು ಯಂಕಮ್ಮಾ? ಇದೊಂದು ಬ್ಯಾಸಗಿ ತಡಕೋರಿ. ಫರಕು ಎಷ್ಟು ಅಂತ ಸರಕಾರಕ್ಕ ತೋರಿಸಿದ್ರ ಇಂಥಾ ಎಲ್ಲಾ ಮನಿಗೂ ಹಚ್ಚತಾರ.”

“ಎಲ್ಲಾ ಮನಿಗೂ?”

“ಎಲ್ಲಾ ಮನಿಗೂ.”

ಯಂಕಮ್ಮ ಸ್ವಲ್ಪ ಹೊತ್ತು ಎದುರಿನ ಬಿಳಿ ಮಾಡುಗಳನ್ನು ನೋಡಿದಳು. “ಹಂಗಾರ ಆತ್ರಿ. ನಾಕು ಮಂದಿಗೆ ಒಳ್ಳೇದಾಗೂದಿದ್ರ ತಡಕೊಂತೀವಿ. ನಿಮಗ ಮಾತು ಕೊಟ್ಟಂಗ.”

ಹಿಂದಿಯಲ್ಲಾಗಿದ್ದರೆ ಇಷ್ಟು ಸಲೀಸಾಗಿ ಒಪ್ಪುತ್ತಿರಲಿಲ್ಲ ಎಂದು ಕಾರಿನಲ್ಲಿ ಕೂತಾಗ ಮೃಣಾಲಿನಿಗೆ ಅನ್ನಿಸಿತು. ಕನ್ನಡ ಗೊತ್ತಾದದ್ದು ಒಳ್ಳೆಯದೇ ಆಯಿತು ಅಂದುಕೊಂಡಳು. ಮಧ್ಯಾಹ್ನದ ಹೊತ್ತು ಗಂಗಾ ಮುಂದಿನ ಸಾಲಿನಲ್ಲಿ ಎಲ್ಲಾದರೂ ಹೋಗಿ ಮಲಗಲಿ ಎಂದೂ ಹೇಳಿ ಬಂದಿದ್ದಳು. ಅಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಗಂಡಸರು ಮಲಗಿರುತ್ತಾರೆ, ಬಸುರಿ ಹುಡುಗಿ ಹೋಗಲಾರಳು ಅನ್ನುವುದು ಅವಳಿಗೂ ಗೊತ್ತಿತ್ತು.

ಸಂಸ್ಥೆಯಲ್ಲಿ ಅವಳ ಹಿರಿಯರು ಡಾಕ್ಟರ್ ವಾಸುದೇವ. ಅವರೂ ಕಲಬುರ್ಗಿ ಮೂಲದವರು. ಯಂಕಮ್ಮ ಕೇಳಿದ್ದನ್ನು ಅವರಿಗೆ ಹೇಳಿದಳು. ಅವರು ಕನ್ನಡಕ ತೆಗೆದಿಟ್ಟು ಯೋಚಿಸಿದರು. “ನಡುವ ಬದಲಿಸಿದ್ರ ಇಡೀ ಬ್ಯಾಸಗಿ ಕೆಲಸ ನೀರಾಗ ಹೋದಂಗ. ಆದ್ರ ಅಲ್ಲೆ ಓಡಾಡೋಕಿ ನೀನು. ಅಪಾಯ ಅದ ಅನ್ನಿಸ್ತಂದ್ರ ನಿಲ್ಲಿಸಿಬಿಡು, ಎಲ್ಲಾದಕ್ಕೂ ಹಚ್ಚಿಸಿಬಿಡು. ನನ್ನ ಕೇಳೂದು ಬ್ಯಾಡ.” ಮುಂದೆ ಎಷ್ಟೋ ಸಲ ಅವಳು ತಪ್ಪನ್ನು ಅವರ ಕಡೆಗೆ ಸರಿಸಲು ನೋಡಿದಳು. ಪ್ರತಿ ಸಲವೂ ಈ ಮಾತು ಅಡ್ಡ ಬಂತು.

ಮೇ ತಿಂಗಳ ಎರಡನೆಯ ವಾರ ಊರೆಲ್ಲ ಬಾಣಲೆಯ ಹಾಗಾಯಿತು. ಹನ್ನೊಂದರ ಮೇಲೆ ಹೊರಗೆ ಬರಬೇಡಿ ಎಂದು ಟಿವಿಯಲ್ಲಿ ಹೇಳುತ್ತಲೇ ಇದ್ದರು. ಮೃಣಾಲಿನಿ ಸಂಸ್ಥೆಯಲ್ಲೇ ಉಳಿದಳು. ಎಸಿ ಕೋಣೆಯಲ್ಲಿ ಕೂತು ಫೋನು ನೋಡುತ್ತಿದ್ದಳು. ಅದರಲ್ಲಿ ಎರಡು ಗೆರೆಗಳು ಎಳೆದುಕೊಳ್ಳುತ್ತಾ ಹೋಗುತ್ತಿದ್ದವು. ನೀಲಿಯದು ಮುಂದಿನ ಸಾಲು, ನಲವತ್ತರಲ್ಲಿ ನಿಂತಿತ್ತು. ಕೆಂಪಿನದು ಹಿಂದಿನ ಸಾಲು, ಏರುತ್ತಾ ನಲವತ್ತೇಳು ಮುಟ್ಟಿತು. ಏಳು ಡಿಗ್ರಿ. ಅಷ್ಟು ಫರಕು ಯಾರೂ ನಿರೀಕ್ಷಿಸಿರಲಿಲ್ಲ. ಅವಳು ಹಿಗ್ಗಿದಳು. ಆ ಪರದೆಯ ಚಿತ್ರ ತೆಗೆದು ವಾಸುದೇವರಿಗೂ ತಂಡದ ಉಳಿದವರಿಗೂ ಕಳಿಸಿದಳು. ಯಾರೋ ಚಪ್ಪಾಳೆಯ ಗುರುತು ಹಾಕಿದರು. ಯಾವ ಶೆಡ್ಡು ಎಲ್ಲಕ್ಕಿಂತ ಹೆಚ್ಚು ಕಾದಿದೆ ಎಂದು ಒತ್ತಿ ನೋಡಿದಳು. ತುದಿಯದು, ಯಂಕಮ್ಮನದು. ಒಳ್ಳೆಯ ಮಾಪಕ ಅದು, ಒಮ್ಮೆಯೂ ಕೆಟ್ಟಿಲ್ಲ ಎಂದುಕೊಂಡಳು. ಆ ಹೊತ್ತಿನಲ್ಲಿ ಆ ಶೆಡ್ಡಿನೊಳಗೆ ಯಾರಿದ್ದಾರೆ ಎಂದು ಅವಳ ತಲೆಗೆ ಬರಲಿಲ್ಲ.

ಸಂಜೆಯ ಹೊತ್ತಿಗೆ ಹುಲಗೇಶ ಫೋನು ಮಾಡಿದ. ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. “ಬಾಯಾರ, ಗಂಗಾ ಬಿದ್ದುಬಿಟ್ಟಾಳ್ರಿ. ಮೈ ಕೆಂಡ ಆಗೇತಿ. ಏನೇನೋ ಬಡಬಡಸಾಕತ್ತಾಳ. ಸರಕಾರಿ ದವಾಖಾನಿಗೆ ತಂದೀವಿ.”

ಕಾರಿನಲ್ಲಿ ಹೋಗುತ್ತಾ ಮೃಣಾಲಿನಿ ಲೆಕ್ಕ ಹಾಕುತ್ತಿದ್ದಳು. ಬೇಸಗೆಯಲ್ಲಿ ಬಸುರಿಯರು ಬೀಳುವುದಕ್ಕೆ ನೂರು ಕಾರಣ. ನೀರು ಕಡಿಮೆ ಕುಡಿದಿರಬೇಕು. ಮೈಯಲ್ಲಿ ರಕ್ತ ಕಡಿಮೆ ಇರಬೇಕು. ಒಂದು ಉದಾಹರಣೆಯಿಂದ ಏನೂ ಸಿದ್ಧವಾಗುವುದಿಲ್ಲ. ವಾರ್ಡಿನಲ್ಲಿ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿದ್ದರು. ಗಂಗಾಳ ಮೈಮೇಲೆ ಹಸಿ ಬಟ್ಟೆ ಹೊದಿಸಿ, ಕಂಕುಳಲ್ಲಿ ಮಂಜುಗಡ್ಡೆ ಇಟ್ಟು, ಒಬ್ಬ ನರ್ಸು ಫ್ಯಾನನ್ನು ಅವಳ ಕಡೆ ತಿರುಗಿಸುತ್ತಿದ್ದಳು. ಎಳೆ ವಯಸ್ಸಿನ ಡಾಕ್ಟರು ತೆಲುಗಿನಲ್ಲಿ ಹೇಳಿದಳು, ತಾಯಿ ಉಳಿಯುತ್ತಾಳೆ, ಕೂಸಿನ ಎದೆಬಡಿತ ನಿಂತಿದೆ.

“ರಕ್ತ ಕಡಿಮೆ ಇತ್ತಾ ಇವಳಿಗೆ?” ಮೃಣಾಲಿನಿಯ ಬಾಯಿಂದ ಮೊದಲು ಬಂದ ಮಾತು ಅದು.

“ಇತ್ತು,” ಅಂದಳು ಡಾಕ್ಟರು. “ಇಲ್ಲಿಗೆ ಬರುವ ಎಲ್ಲರಿಗೂ ಕಡಿಮೆಯೇ. ಈ ಶಾಖ ಇಲ್ಲದಿದ್ದರೆ ಇವತ್ತು ಇವಳು ಇಲ್ಲಿ ಇರುತ್ತಿರಲಿಲ್ಲ.”

‘ಇತ್ತು’ ಎಂಬ ಮಾತು ಕಿವಿಗೆ ಬಿದ್ದಾಗ ಮೃಣಾಲಿನಿಯ ಮೈ ಹಗುರಾಯಿತು. ಹಗುರಾದದ್ದು ಅವಳಿಗೇ ಗೊತ್ತಾಯಿತು. ಆಮೇಲೆ ಡಾಕ್ಟರು ಹೇಳಿದ್ದೇನೂ ಅವಳಿಗೆ ಕೇಳಿಸಲಿಲ್ಲ. ಮಗು ಸತ್ತಿದೆ, ತನಗೆ ಸಮಾಧಾನವಾಗುತ್ತಿದೆ. ಇಂಥವಳು ತಾನು ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ವರಾಂಡದಲ್ಲಿ ಯಂಕಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಹುಲಗೇಶನ ಕಾಲಿಗೆ ಇನ್ನೂ ಸಿಮೆಂಟು ಮೆತ್ತಿತ್ತು. ಅವನು ಎದ್ದು ಬಂದು ಕೈ ಮುಗಿದ. “ನೀವು ಬಂದ್ರಲ್ರಿ ಬಾಯಾರ, ಧೈರ್ಯ ಆತು.” ಅವಳು ಅವನ ಕೈ ನೋಡಿದಳೇ ಹೊರತು ಮುಖ ನೋಡಲಾರದೆ ಹೋದಳು.

ಮರುದಿನ ಬೆಳಿಗ್ಗೆ ಬಣ್ಣ ಬಳಿಯುವವರನ್ನು ಕರೆದುಕೊಂಡು ಶೆಡ್ಡುಗಳ ಹತ್ತಿರ ಹೋದಳು. ಯಂಕಮ್ಮ ಬಟ್ಟೆ ಒಯ್ಯಲು ದವಾಖಾನೆಯಿಂದ ಆಗಷ್ಟೇ ಬಂದಿದ್ದಳು. ಮೃಣಾಲಿನಿ ಕೋಣೆಯ ಕೀಲಿ ಕೇಳಿದಳು. ಯಂಕಮ್ಮ ಕುತ್ತಿಗೆಯಿಂದ ಅದನ್ನು ಬಿಚ್ಚುತ್ತಾ ನಿಂತುಬಿಟ್ಟಳು.

“ಕೀಲಿ ನನ್ನ ಕಡೀನ ಇತ್ತಲ್ರಿ ಬಾಯಾರ.”

ಮೃಣಾಲಿನಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು.

“ಹುಲಗೇಶ ಹೇಳಿದ್ದ. ಅತ್ತೀ, ಒಂದು ಡಬ್ಬಿ ತಗದು ಬಳದುಬಿಡ್ತೀನಿ, ಯಾರಿಗೆ ಗೊತ್ತಾಕ್ಕೈತಿ ಅಂತ. ನಾನ ಬೈದೆ. ಬಾಯಾರು ನಂಬಿ ಕೊಟ್ಟಾರ, ಮಾತು ಕೊಟ್ಟೀನಿ ಅಂದೆ. ಗಂಗಾ ಅಲ್ಲೇ ಕುಂತು ಕೇಳಾಕತ್ತಿದ್ಲು. ಏನೂ ಅನ್ನಲಿಲ್ಲ ಆಕಿ.” ದಾರ ಗಂಟಾಗಿತ್ತು, ಅವಳ ಬೆರಳಿಗೆ ಬಿಚ್ಚಲಾಗಲಿಲ್ಲ. “ಹೊಟ್ಟೀಲೆ ಹುಟ್ಟಿದ ಮಗಳಿಗಿಂತ ನನಗ ಮಾತು ದೊಡ್ಡದಾತು ನೋಡ್ರಿ. ಆಕಿಗೆ ಹೆಂಗ ಮಾರಿ ತೋರಿಸಲಿ?”

“ತಪ್ಪು ನಿಮ್ಮದಲ್ಲ ಯಂಕಮ್ಮಾ. ನಂದು. ಬಣ್ಣ ಇತ್ತು, ನಾನೇ ಬ್ಯಾಡಂದೆ.”

“ಯಾರ್ದರ ಇರಲಿ,” ಅಂದಳು ಯಂಕಮ್ಮ, ದಾರವನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಾ. “ಹಚ್ಚಿಸ್ರಿ ಈಗ. ಬಾಜೂಕಿನ ಶೆಡ್ಡಿನಾಗ ಸಣ್ಣ ಕೂಸದಾವ.”

ಬಯ್ದಿದ್ದರೆ, ಮಣ್ಣು ತೂರಿದ್ದರೆ ತಡೆದುಕೊಳ್ಳಬಹುದಿತ್ತು. ತನ್ನ ತಪ್ಪನ್ನು ಆ ಹೆಂಗಸು ಅರ್ಧ ಹೊತ್ತುಕೊಂಡು ನಿಂತಿದ್ದಾಳೆ, ಅದನ್ನು ಅವಳಿಂದ ಇಳಿಸುವುದಕ್ಕೆ ತನ್ನ ಕೈಲಾಗುತ್ತಿಲ್ಲ. ಆ ದಿನ ಮೃಣಾಲಿನಿ ತಾನೂ ಬ್ರಷ್ಷು ಹಿಡಿದು ಏಣಿ ಹತ್ತಿದಳು. ಕೆಳಗೆ ನಿಂತ ಹೆಂಗಸರು ನೋಡುತ್ತಿದ್ದಾರೆ ಎಂದು ಅರಿವಾದಾಗ ಅದೂ ನಾಟಕದಂತೆ ಕಂಡು ಇಳಿದುಬಿಟ್ಟಳು. ಮಧ್ಯಾಹ್ನದೊಳಗೆ ಹಿಂದಿನ ಸಾಲು ಪೂರಾ ಬೆಳ್ಳಗಾಯಿತು. ಒಂದು ಹೊತ್ತಿನ ಕೆಲಸವೂ ಅಲ್ಲ ಅದು.

ಮನೆಯಲ್ಲಿ ಸುಂದರಾಬಾಯಿ ತಟ್ಟೆ ಬಡಿಸಿ ಕಾದಿದ್ದರು. ಮಗಳು ತಿನ್ನದಿದ್ದದ್ದನ್ನು ನೋಡಿ ಕೇಳಿ ಕೇಳಿ ಬಾಯಿ ಬಿಡಿಸಿದರು. ಬಣ್ಣದ ಮಾತು ಅವರಿಗೆ ತಿಳಿಯದ ವಿಷಯ. ಬೇರೆಯೇ ಒಂದು ಕೇಳಿದರು.

“ನಮ್ಮ ಕಡಿಯವರು ಅಂತೀ. ಬಸುರಿ ಹುಡುಗಿ ಅಂತೀ. ಹಿಂದಿನ ಕೋಣಿ ಖಾಲಿ ಬಿದ್ದದ, ಕೂಲರ್ ಅದ. ಒಂದು ತಿಂಗಳು ತಂದು ಇಟ್ಕೋಬಹುದಿತ್ತಲ್ಲ. ನನಗ ಒಂದು ಮಾತು ಯಾಕ ಹೇಳಲಿಲ್ಲ ನೀನು?”

ಮೃಣಾಲಿನಿ ತಾಯಿಯನ್ನೇ ನೋಡಿದಳು. ಲೆಕ್ಕಾಚಾರ ಕೆಡದೆ, ಬಣ್ಣ ಹಚ್ಚದೆ ಆ ಹುಡುಗಿಯನ್ನು ಉಳಿಸುವ ಹಾದಿಯೊಂದು ಮನೆಯೊಳಗೇ ಇತ್ತು. ಒಂದು ಸಲವಾದರೂ ಅದು ತನಗೆ ಹೊಳೆದಿರಲಿಲ್ಲ. ಅಂಥವರು ತನ್ನ ಮನೆಯಲ್ಲಿ ಬಂದು ಇರಬಹುದು ಎಂಬುದು ಅವಳ ಕಲ್ಪನೆಯಲ್ಲೇ ಇರಲಿಲ್ಲ. ಎದ್ದು ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟಳು.

ಜೂನ್ ಮೊದಲಲ್ಲಿ ಅಧಿಕಾರಿಗಳ ಮುಂದೆ ಫಲಿತಾಂಶ ಹೇಳುವ ಸಭೆ ಇತ್ತು. ಗಂಗಾಳ ವಿಷಯವನ್ನೂ ಹೇಳುತ್ತೇನೆ ಎಂದಾಗ ವಾಸುದೇವರು ಮುಖ ಗಂಟಿಕ್ಕಿದರು. “ಒಂದು ಘಟನಾದಿಂದ ಏನೂ ಸಿದ್ಧ ಆಗೂದಿಲ್ಲ, ನಿನಗೂ ಗೊತ್ತದ.” ಹೌದು, ಅವಳಿಗೆ ಗೊತ್ತಿತ್ತು. ಆದರೂ ಹೇಳಿದಳು. ನೀಲಿ ಗೆರೆ, ಕೆಂಪು ಗೆರೆ ತೋರಿಸಿ, ಏಳು ಡಿಗ್ರಿ ಎಂದು ಹೇಳಿ, ಕೆಂಪು ಗೆರೆ ಎಲ್ಲಕ್ಕಿಂತ ಮೇಲೇರಿದ ಜಾಗದ ಮೇಲೆ ಬೆರಳಿಟ್ಟಳು. “ಈ ಹೊತ್ತಿನಲ್ಲಿ ಈ ಶೆಡ್ಡಿನಲ್ಲಿದ್ದ ಒಬ್ಬ ಗರ್ಭಿಣಿ ಕೂಸನ್ನು ಕಳೆದುಕೊಂಡಳು. ಪಕ್ಕದ ಕೋಣೆಯಲ್ಲಿ ಬಣ್ಣ ಇತ್ತು. ನಿಲ್ಲಿಸುವ ಅಧಿಕಾರ ನನಗಿತ್ತು, ನಾನು ನಿಲ್ಲಿಸಲಿಲ್ಲ.”

ಮುಂದೆ ಬಣ್ಣದ ದರದ ಬಗ್ಗೆ, ಎಷ್ಟು ವರ್ಷ ಬಾಳುತ್ತದೆ ಎನ್ನುವ ಬಗ್ಗೆ ಪ್ರಶ್ನೆಗಳು ಬಂದವು. ಇನ್ನು ಮೇಲೆ ಇಂಥ ಪ್ರಯೋಗಗಳಲ್ಲಿ ಶಾಖ ಇಂತಿಷ್ಟು ಮೀರಿದರೆ ಕೂಡಲೇ ಎಲ್ಲ ಮನೆಗೂ ಹಚ್ಚಬೇಕು ಎಂದು ಒಬ್ಬ ಅಧಿಕಾರಿಣಿ ಬರೆಸಿದರು. ಅಷ್ಟು ಒಳ್ಳೆಯದಾಯಿತು. ಆದರೆ ಚಹಾದ ಹೊತ್ತಿನಲ್ಲಿ ಒಬ್ಬೊಬ್ಬರೇ ಬಂದು ಅವಳ ಕೈ ಕುಲುಕಿದರು. ಇಷ್ಟು ಪ್ರಾಮಾಣಿಕವಾಗಿ ಯಾರು ಹೇಳುತ್ತಾರೆ ಅಂದರು. ದೊಡ್ಡ ಮನಸ್ಸು ಅಂದರು. ಮೃಣಾಲಿನಿ ಬಿಸ್ಕತ್ತಿನ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಗಂಗಾಳ ಕೂಸಿನಿಂದಲೂ ತನಗೆ ಮೆಚ್ಚುಗೆಯೇ ದಕ್ಕಿತಲ್ಲ ಎಂದು ಅವಳಿಗೆ ಅಲ್ಲಿ ನಿಲ್ಲುವುದೇ ಕಷ್ಟವಾಯಿತು. ಮೆಚ್ಚುವವರೆದುರು ಹೇಳಿಬಿಡುವುದು ಸುಲಭ. ಯಾರಿಗೆ ಹೇಳಬೇಕಿತ್ತೋ ಅವರಿಗೆ ಇನ್ನೂ ಪೂರ್ತಿ ಹೇಳಿರಲಿಲ್ಲ.

ಅಲ್ಲಿಂದ ನೇರವಾಗಿ ಜೀಡಿಮೆಟ್ಲಾಕ್ಕೆ ಹೋದಳು. ಮಳೆ ಇನ್ನೂ ಬಂದಿರಲಿಲ್ಲ. ಯಂಕಮ್ಮನೂ ಹುಲಗೇಶನೂ ಕೆಲಸಕ್ಕೆ ಹೋಗಿದ್ದರು. ಗಂಗಾ ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ದವಾಖಾನೆಯಿಂದ ಬಂದ ಮೇಲೆ ಮೃಣಾಲಿನಿ ಬಂದಾಗಲೆಲ್ಲ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಇವತ್ತು ಏಳಲಿಲ್ಲ. ಮೃಣಾಲಿನಿ ಹೊರಗಿನ ಕಲ್ಲಿನ ಮೇಲೆ ಕೂತಳು.

“ಒಂದು ಕೇಳ್ತೀನ್ರಿ,” ಅಂದಳು ಗಂಗಾ, ತಲೆ ಎತ್ತದೆ. “ಬಣ್ಣ ಇದ್ದಿದ್ರ ಉಳೀತಿತ್ತೇನ್ರಿ?”

“ಖಾತ್ರಿ ಹೇಳ್ಲಿಕ್ಕೆ ಬರೂದಿಲ್ಲ ಗಂಗಾ.” ಆ ಮಾತು ತಾನಾಗಿ ಬಂದುಬಿಟ್ಟಿತು. ಸುಳ್ಳೇನೂ ಅಲ್ಲ. ಆದರೆ ಅದು ಯಾರನ್ನು ಕಾಯುವ ಮಾತು ಎಂದು ಅವಳಿಗೆ ಗೊತ್ತಿತ್ತು. ಮತ್ತೆ ಹೇಳಿದಳು. “ಉಳೀತಿತ್ತು ಅಂತನ ನನಗ ಅನ್ನಿಸ್ತದ. ಆ ಸಾಲಿನಾಗ ಏಳು ಡಿಗ್ರಿ ಕಡಿಮಿ ಇತ್ತು. ಆವತ್ತು ನಾ ಫೋನಿನಾಗ ನೋಡ್ಲಿಕ್ಕತ್ತಿದ್ದೆ.”

ಗಂಗಾಳ ಬೆರಳುಗಳು ಮೊರದಲ್ಲಿ ನಿಂತವು. “ಏನು ನೋಡಾಕತ್ತಿದ್ರಿ?”

“ಒಳಗ ಎಷ್ಟು ಕಾದದ ಅನ್ನೂದು ಫೋನಿನಾಗ ಬರ್ತದ. ಎರಡೂ ಸಾಲಿಂದು.”

“ನಮ್ಮ ಶೆಡ್ಡಿಂದು?”

“ನಿಮ್ಮದೂ.”

“ನಾ ಬೀಳೂ ಮುಂದ?”

“ಹೌದು.”

“ನೋಡಿ ಏನು ಮಾಡಿದ್ರಿ?”

ಮೃಣಾಲಿನಿ ಕೈಗಳನ್ನು ತೊಡೆಯ ಮೇಲೆ ಒತ್ತಿ ಹಿಡಿದಳು. “ಖುಷಿ ಪಟ್ಟೆ,” ಅಂದಳು. “ಫರಕು ಭಾಳ ಬಂತು ಅಂತ. ಮಂದಿಗೆಲ್ಲಾ ಕಳಿಸಿದೆ.”

ಗಂಗಾ ಮೊದಲ ಸಲ ಮುಖವೆತ್ತಿ ಅವಳನ್ನು ನೋಡಿದಳು. ಸಿಟ್ಟು ಇತ್ತೋ ಏನೋ, ಹೆಚ್ಚಾಗಿ ಇದ್ದದ್ದು ಆಶ್ಚರ್ಯ. ಒಬ್ಬ ಹೆಂಗಸು ಇನ್ನೊಬ್ಬಳನ್ನು ಹೀಗೂ ನೋಡಬಹುದೇ ಎಂದು ಕೇಳುವ ಹಾಗೆ. ಮೃಣಾಲಿನಿ ಕಣ್ಣು ತಗ್ಗಿಸದೆ ಕೂತಳು. ಅಷ್ಟಾದರೂ ಮಾಡಬೇಕು ಅನ್ನಿಸಿತ್ತು. ಕೊನೆಗೆ ಗಂಗಾ ಮೊರ ಎತ್ತಿಕೊಂಡು, ಒಂದು ಕೈ ನೆಲಕ್ಕೆ ಊರಿ ಎದ್ದು, ಒಳಗೆ ಹೋದಳು. ಪಾತ್ರೆಗೆ ಅಕ್ಕಿ ಸುರಿದ ಸದ್ದು, ನೀರು ಹೊಯ್ದ ಸದ್ದು ಕೇಳಿಸಿತು. ಮೃಣಾಲಿನಿ ಏಳಬೇಕೋ ಕೂರಬೇಕೋ ತಿಳಿಯದೆ ಕೂತೇ ಇದ್ದಳು. ಎದುರಿನ ಸಾಲಿನಲ್ಲಿ ಯಾರೋ ಹೆಂಗಸು ಅವಳನ್ನು ನೋಡಿ ನಕ್ಕಳು, ಅವಳಿಗೆ ನಗಲಾಗಲಿಲ್ಲ.

“ನಮ್ಮವ್ವಗ ಇದನ್ನ ಹೇಳಬ್ಯಾಡ್ರಿ,” ಎಂದು ಒಳಗಿನಿಂದ ಗಂಗಾಳ ದನಿ ಬಂತು. “ಆಕಿ ನಿಮ್ಮನ್ನ ಭಾಳ ಹಚ್ಚಿಕೊಂಡಾಳ. ಆಕಿ ಮುಂದ ನಾನ ಯಾವಾಗರ ಹೇಳ್ತೀನಿ.”

“ಆತು.”

“ಮತ್ತ ನೀವು ಈಗ ಸ್ವಲ್ಪು ದಿನ ಬರಬ್ಯಾಡ್ರಿ. ನಾ ಬರ್ರಿ ಅಂದಾಗ ಬರ್ರಿ.”

“ಆತು ಗಂಗಾ,” ಅಂದಳು ಮೃಣಾಲಿನಿ. ಎದ್ದು ಸೀರೆಯ ಧೂಳು ಕೊಡವದೆ, ಎರಡು ಸಾಲುಗಳ ನಡುವಿನ ಹಾದಿಯಲ್ಲಿ ನಡೆದು ರಸ್ತೆಗೆ ಬಂದಳು. ಆ ಕರೆ ಬಂದರೂ ಬರಬಹುದು, ಬರದೆಯೂ ಇರಬಹುದು. ಅದನ್ನು ಕೇಳುವ ಹಕ್ಕು ತನಗಿಲ್ಲ ಎಂಬುದೊಂದು ಅವಳಿಗೆ ಸ್ಪಷ್ಟವಿತ್ತು.